ನೋವಿಗೆ ಭಂಗಿಯ ಮದ್ದು: ಅಮೆರಿಕೆಗೆ ಹೋಗುವ ಹಿರಿಯರು ತಿಳಿದಿರಬೇಕಾದುದು

ಮಕ್ಕಳ ಮನೆಗೆಂದು ಅಮೆರಿಕೆಗೆ ಹೋಗಿ ಐದಾರು ತಿಂಗಳು ಇದ್ದು ಬರುವ ಹಿರಿಯರು ಶ್ರೀಮಠದ ಭಕ್ತವೃಂದದಲ್ಲಿ ಈಗ ಹಲವರಿದ್ದಾರೆ. ಹೊರಡುವ ಮುನ್ನ ನಮ್ಮಲ್ಲಿಗೆ ಬಂದು ಆರು ತಿಂಗಳಿಗೆ ಸಾಲುವಷ್ಟು ತೈಲ, ಗುಗ್ಗುಳು ಮಾತ್ರೆ, ಕಷಾಯದ ಚೂರ್ಣಗಳನ್ನು ಕಟ್ಟಿಸಿಕೊಂಡು ಹೋಗುವುದು ಅವರ ರೂಢಿ. ಈಚಿನ ವರ್ಷಗಳಲ್ಲಿ ಇದರೊಂದಿಗೆ ಒಂದು ಪ್ರಶ್ನೆಯೂ ಸೇರಿಕೊಂಡಿದೆ. ಅದನ್ನು ಕೇಳುವಾಗ ಧ್ವನಿ ತಗ್ಗುತ್ತದೆ, ಬಾಗಿಲ ಕಡೆಗೆ ಒಮ್ಮೆ ನೋಟ ಹೋಗುತ್ತದೆ: "ಡಾಕ್ಟ್ರೇ, ಅಲ್ಲಿ ಗಾಂಜಾದ ಔಷಧ ಅಂಗಡಿಯಾಗ ಸಿಗ್ತದಂತ್ರೀ. ಮೊಣಕಾಲ ನೋವಿಗೆ ಚೊಲೊ ಅಂತಾರ. ಮಗ ಕೊಡಿಸ್ತೀನಿ ಅಂತಾನ. ತಗೋಬಹುದೇನ್ರಿ?"

ಕೇಳಿದುದರಲ್ಲಿ ನಾಚಿಕೊಳ್ಳಬೇಕಾದುದು ಏನೂ ಇಲ್ಲ. ಹತ್ತು ವರ್ಷಗಳಿಂದ ನೆಲದ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಳ್ಳಲಾಗದವರು, ರಾತ್ರಿ ಪಾದಗಳ ಉರಿಯಿಂದ ನಿದ್ರೆ ಕಳೆದುಕೊಂಡವರು ಯಾವ ದಾರಿಯನ್ನಾದರೂ ವಿಚಾರಿಸುತ್ತಾರೆ. ಆದರೆ ಇದಕ್ಕೆ ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರ ಕೊಟ್ಟರೆ ಅದು ವೈದ್ಯಧರ್ಮವಾಗಲಾರದು. ಆದುದರಿಂದ ಈ ಸಂಚಿಕೆಯಲ್ಲಿ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಈ ಸಸ್ಯ ನಮಗೆ ಹೊಸದಲ್ಲ. ಆಯುರ್ವೇದ ಇದನ್ನು ವಿಜಯಾ, ಭಂಗಾ ಎಂಬ ಹೆಸರುಗಳಿಂದ ಬಲ್ಲದು. ಶಾರ್ಙ್ಗಧರ ಸಂಹಿತೆಯು 'ವ್ಯವಾಯಿ' ಎಂಬ ಗುಣವನ್ನು ವಿವರಿಸುವಾಗ ಭಂಗಿ ಮತ್ತು ಅಫೀಮುಗಳನ್ನೇ ಉದಾಹರಣೆಯಾಗಿ ಕೊಡುತ್ತದೆ. ಸಾಮಾನ್ಯ ದ್ರವ್ಯವು ಮೊದಲು ಪಚನಗೊಂಡು ಆಮೇಲೆ ದೇಹವನ್ನು ವ್ಯಾಪಿಸುತ್ತದೆ. ವ್ಯವಾಯಿ ದ್ರವ್ಯವು ಮೊದಲು ದೇಹವನ್ನೆಲ್ಲ ವ್ಯಾಪಿಸಿ ಆಮೇಲೆ ಪಚನಕ್ಕೆ ಒಳಗಾಗುತ್ತದೆ. ಭಾವಪ್ರಕಾಶ ನಿಘಂಟು ಇದನ್ನು ಲಘು, ತೀಕ್ಷ್ಣ, ಉಷ್ಣ, ಕಫಹರ, ಪಿತ್ತಕರ ಎಂದು ಹೇಳಿ, ಅಗ್ನಿಯನ್ನು ಹೆಚ್ಚಿಸುವುದರ ಜೊತೆಗೆ ಮೋಹ ಮತ್ತು ಮದವನ್ನೂ ಹೆಚ್ಚಿಸುತ್ತದೆಂದು ಎಚ್ಚರಿಸಿದೆ. ರಸಶಾಸ್ತ್ರದ ಗ್ರಂಥಗಳು ಇದನ್ನು ಉಪವಿಷಗಳ ಸಾಲಿನಲ್ಲಿ ಇಟ್ಟಿವೆ. ಎಲೆಯನ್ನು ಶುದ್ಧಿ ಮಾಡದೆ ಬಳಸಲಾಗದು. ಹಸಿರು ಬಣ್ಣ ಹೋಗುವವರೆಗೆ ನೀರಿನಲ್ಲಿ ತೊಳೆದು, ಒಣಗಿಸಿ, ಹಸುವಿನ ತುಪ್ಪದಲ್ಲಿ ಹುರಿಯುವುದು ಶೋಧನದ ಒಂದು ಕ್ರಮ. ಭಂಗಿ ಸೇರುವ ಹೆಸರಾಂತ ಯೋಗಗಳಲ್ಲಿ ಒಂದಾದ ಜಾತೀಫಲಾದಿ ಚೂರ್ಣವು ಗ್ರಹಣಿ ರೋಗಕ್ಕೆ ಹೇಳಿದ್ದೇ ಹೊರತು ಮೊಣಕಾಲಿಗಲ್ಲ. ಸಂಧಿಗತ ವಾತದ ಚಿಕಿತ್ಸೆಯಲ್ಲಿ ಅಭ್ಯಂಗ, ಸ್ವೇದನ, ಜಾನುಬಸ್ತಿ, ರಾಸ್ನಾದಿ ಕಷಾಯಗಳು ಮುಂದಿನ ಸಾಲಿನಲ್ಲಿ ನಿಲ್ಲುತ್ತವೆ. ವಿಜಯಾ ಎಲ್ಲೋ ಹಿಂದೆ. ಭಾರತ ಸರ್ಕಾರದ ಔಷಧ ನಿಯಮಗಳೂ ಭಂಗಿಯನ್ನು, ಬೀಜದ ಹೊರತಾಗಿ, ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಸೇರಿಸಿ, ಅದಿರುವ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆ ಡಬ್ಬಿಯ ಮೇಲೆ ಇರಬೇಕೆಂದು ವಿಧಿಸಿವೆ. "ಆಯುರ್ವೇದದಲ್ಲೇ ಇದೆಯಲ್ಲ, ಹಾಗಾಗಿ ನಿರಪಾಯ" ಎಂಬ ಮಾತನ್ನು ನಾವು ಒಪ್ಪದಿರುವುದು ಈ ಕಾರಣದಿಂದಲೇ. ಆಯುರ್ವೇದದಲ್ಲಿ ವತ್ಸನಾಭವೂ ಇದೆ.

ಪಾಶ್ಚಾತ್ಯ ವೈದ್ಯಕ್ಕೆ ಇದನ್ನು ಪರಿಚಯಿಸಿದ್ದು ನಮ್ಮ ದೇಶವೇ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ವಿಲಿಯಂ ಓಶಾನೆಸ್ಸಿ ಎಂಬ ಐರಿಷ್ ವೈದ್ಯರು ಇಲ್ಲಿನ ಬಳಕೆಯನ್ನು ಗಮನಿಸಿ, ಮೊದಲು ಪ್ರಾಣಿಗಳ ಮೇಲೆ, ಬಳಿಕ ಸಂಧಿವಾತ, ಧನುರ್ವಾಯು ಮೊದಲಾದ ರೋಗಿಗಳ ಮೇಲೆ ಪ್ರಯೋಗಿಸಿ 1839ರಲ್ಲಿ ಪ್ರಬಂಧ ಬರೆದರು. ಅಲ್ಲಿಂದ ಅದು ಯುರೋಪು ಅಮೆರಿಕಗಳ ಔಷಧಾಲಯಗಳನ್ನು ಸೇರಿತು. ಆಮೇಲೆ ನಿಷೇಧಕ್ಕೂ ಒಳಗಾಯಿತು. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಂ ಮತ್ತು ಅವರ ಸಂಗಡಿಗರು ಅಮಲು ತರುವ ಅಂಶವಾದ ಟಿ.ಎಚ್.ಸಿ.ಯನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಅದೇ ಗುಂಪು 1992ರಲ್ಲಿ ಮನುಷ್ಯನ ಮಿದುಳಿನಂತೆಯೇ ಪ್ರಾಣಿಗಳ ಮಿದುಳಿನಲ್ಲಿಯೂ ಸಹಜವಾಗಿ ಹುಟ್ಟುವ, ಇದೇ ಬಗೆಯ ಕೆಲಸ ಮಾಡುವ ಒಂದು ವಸ್ತುವನ್ನು ಕಂಡುಹಿಡಿದು ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟಿತು. ನಮ್ಮ 'ಆನಂದ' ಶಬ್ದವೇ ಅದು. ನೋವಿನ ಸಂಕೇತವು ನರದಿಂದ ನರಕ್ಕೆ ದಾಟುವ ಸ್ಥಳಗಳಲ್ಲಿ ಈ ಆನಂದಮೈಡ್ ಕುಳಿತುಕೊಳ್ಳುವ ಗ್ರಾಹಕಗಳಿವೆ. ಟಿ.ಎಚ್.ಸಿ. ಅದೇ ಗ್ರಾಹಕಗಳ ಮೇಲೆ ಹೋಗಿ ಕೂರುತ್ತದೆ. ನೋವು ಮಂದವಾಗುವುದು, ತಲೆ ತಿರುಗುವುದು, ನೆನಪು ಕದಡುವುದು, ಹಸಿವು ಹೆಚ್ಚುವುದು ಇವೆಲ್ಲ ಆ ಒಂದೇ ಕೀಲಿಯಿಂದ ತೆರೆದುಕೊಳ್ಳುವ ಬೇರೆ ಬೇರೆ ಬಾಗಿಲುಗಳು. ಸಿ.ಬಿ.ಡಿ. ಎಂಬ ಇನ್ನೊಂದು ಅಂಶಕ್ಕೆ ಅಮಲಿಲ್ಲ. ಅಪಸ್ಮಾರದ ಕೆಲವು ಕಠಿಣ ಬಗೆಗಳಿಗೆ ಅದರಿಂದ ಮಾಡಿದ ಔಷಧವನ್ನು 2018ರಲ್ಲಿ ಅಮೆರಿಕ ಸರ್ಕಾರ ಅಂಗೀಕರಿಸಿದೆ. ಆದರೆ ನೋವಿಗೆ ಅದೊಂದೇ ಸಾಕೆಂಬುದಕ್ಕೆ ಆಧಾರ ಬಹಳ ತೆಳುವಾಗಿದೆ.

ಹಾಗಾದರೆ ನೋವಿಗೆ ಇದು ಎಷ್ಟು ಉಪಯೋಗ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರ ವರದಿಯಲ್ಲಿ, ವಯಸ್ಕರ ದೀರ್ಘಕಾಲದ ನೋವಿಗೆ ಪ್ರಯೋಜನವಿದೆ ಎಂಬುದಕ್ಕೆ ಗಣನೀಯ ಆಧಾರವಿದೆ ಎಂದವು. ನಾಲ್ಕು ವರ್ಷಗಳ ನಂತರ, 2021ರಲ್ಲಿ, ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತಾರಾಷ್ಟ್ರೀಯ ಸಂಘವು ಸಾಕಷ್ಟು ಆಧಾರವಿಲ್ಲವಾದ್ದರಿಂದ ಸಾಮಾನ್ಯ ಬಳಕೆಯನ್ನು ತಾನು ಅನುಮೋದಿಸುವುದಿಲ್ಲ ಎಂದಿತು. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ತಜ್ಞರ ಮಾರ್ಗಸೂಚಿಯು ನಡುವಿನ ಹಾದಿ ಹಿಡಿಯಿತು: ಬೇರೆ ಚಿಕಿತ್ಸೆಗಳಿಂದ ಸಾಕಷ್ಟು ಗುಣ ಕಾಣದವರು, ಹೊಗೆಯ ರೂಪದಲ್ಲಲ್ಲದೆ ಬೇರೆ ರೂಪದಲ್ಲಿ, ಪ್ರಯೋಗವಾಗಿ ನೋಡಬಹುದು, ಆದರೆ ಇದು ದುರ್ಬಲ ಶಿಫಾರಸು ಮಾತ್ರ. ಆ ಮಾರ್ಗಸೂಚಿಗೆ ಆಧಾರವಾದ ವಿಶ್ಲೇಷಣೆಯನ್ನು ಸರಳವಾಗಿ ಹೇಳುವುದಾದರೆ, ಔಷಧವಿಲ್ಲದ ಹುಸಿಗುಳಿಗೆ ತೆಗೆದುಕೊಂಡವರಿಗೆ ಹೋಲಿಸಿದಾಗ, ಇದನ್ನು ಸೇವಿಸಿದ ಪ್ರತಿ ಹತ್ತು ಜನರಲ್ಲಿ ಹೆಚ್ಚುವರಿಯಾಗಿ ಸುಮಾರು ಒಬ್ಬರಿಗೆ ಗಮನಕ್ಕೆ ಬರುವಷ್ಟು ನೋವು ತಗ್ಗಿತು. ಒಬ್ಬರಿಗೆ. ಆ ಒಬ್ಬರು ನೀವಾಗಿರಬಹುದು, ಆಗದೆಯೂ ಇರಬಹುದು. ಪ್ರಯೋಜನ ಕಂಡ ಅಧ್ಯಯನಗಳಲ್ಲಿ ಬಹಳಷ್ಟು ನರಸಂಬಂಧಿ ನೋವಿನವು. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರಿಗೆ ಇರುವಷ್ಟು ಆಸೆ, ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ತಗಲುವ ಮೊಣಕಾಲಿನವರಿಗೆ ಇಲ್ಲ. ಸವೆದ ಮೃದ್ವಸ್ಥಿಯಂತೂ ಇದರಿಂದ ಮತ್ತೆ ಬೆಳೆಯುವುದಿಲ್ಲ.

ಇಲ್ಲಿ ಭಕ್ತರ ಮನಸ್ಸಿನಲ್ಲಿರುವ ಇನ್ನೊಂದು ಸಂಕೋಚವನ್ನು ಹೇಳಬೇಕು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಮಹಾಂತ ಜೋಳಿಗೆಗೆ ತಮ್ಮ ವ್ಯಸನವನ್ನು ಭಿಕ್ಷೆಯಾಗಿ ಹಾಕಿದ ಮನೆತನಗಳು ನಮ್ಮಲ್ಲಿ ಅನೇಕ. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಹಾಗೆ ವ್ರತ ತೊಟ್ಟವರು, ನೋವಿಗಾಗಿ ಇದನ್ನು ತೆಗೆದುಕೊಂಡರೆ ವ್ರತಭಂಗವಾಗುವುದೇ ಎಂದು ಕೇಳುತ್ತಾರೆ. ಧರ್ಮನಿರ್ಣಯ ಪೂಜ್ಯರಿಗೆ ಬಿಟ್ಟದ್ದು. ನಾವು ವೈದ್ಯರಾಗಿ ಹೇಳಬಹುದಾದುದು ಇಷ್ಟು. ಅಳತೆಯಿಂದ, ಅವಧಿ ಗೊತ್ತುಮಾಡಿಕೊಂಡು, ನೋವಿಗಾಗಿ ಮಾತ್ರ ತೆಗೆದುಕೊಳ್ಳುವುದು ಔಷಧ. ನೋವಿಲ್ಲದ ಸಂಜೆಯೂ ಕೈ ಡಬ್ಬಿಯ ಕಡೆಗೆ ಹೋದರೆ ಅದು ಔಷಧದ ಗಡಿ ದಾಟಿತು. ಆದರೆ ಹಿಂದೆ ಸಾರಾಯಿಗೋ ತಂಬಾಕಿಗೋ ಅಂಟಿಕೊಂಡು ಕಷ್ಟಪಟ್ಟು ಬಿಟ್ಟವರಿಗೆ ಈ ಗಡಿ ಬಹಳ ಸಣ್ಣದು. ಅಂಥವರು ಇದರ ಗೊಡವೆಗೆ ಹೋಗದಿರುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಇದು ಶಿವನಿಗೆ ಪ್ರಿಯವಾದ ಸೊಪ್ಪು, ಆದ್ದರಿಂದ ದೋಷವಿಲ್ಲ ಎನ್ನುವವರೂ ಇದ್ದಾರೆ. ರೋಗಿಯ ರಕ್ತದೊತ್ತಡ ಆ ವಾದವನ್ನು ಕೇಳುವುದಿಲ್ಲ.

ಈಗ ಅಂಗಡಿಯ ವಿಚಾರ. 'ಡಿಸ್ಪೆನ್ಸರಿ' ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಸರ್ಕಾರಿ ದವಾಖಾನೆ, ಒಳಗೆ ಡಾಕ್ಟರು, ಕಿಟಕಿಯ ಬಳಿ ಔಷಧ ಕೊಡುವ ಕಂಪೌಂಡರು. ಅಮೆರಿಕದ ಗಾಂಜಾ ಡಿಸ್ಪೆನ್ಸರಿ ಹಾಗಲ್ಲ. ಅದು ಪರವಾನಗಿ ಪಡೆದ ಮಾರಾಟದ ಅಂಗಡಿ. ಗಾಜಿನ ಪೆಟ್ಟಿಗೆಗಳಲ್ಲಿ ಒಣಹೂವು, ಮಿಠಾಯಿ, ಚಾಕೊಲೇಟ್, ನಾಲಿಗೆಯ ಕೆಳಗೆ ಬಿಟ್ಟುಕೊಳ್ಳುವ ಹನಿ, ಹಚ್ಚುವ ಮುಲಾಮು ಇಟ್ಟಿರುತ್ತಾರೆ. ಬಾಗಿಲಲ್ಲಿಯೇ ಗುರುತಿನ ಚೀಟಿ ನೋಡಿ 21 ವರ್ಷ ತುಂಬಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ; ನಮ್ಮವರು ಪಾಸ್‌ಪೋರ್ಟ್ ತೋರಿಸುತ್ತಾರೆ. ಒಳಗೆ ಸಲಹೆ ಕೊಡುವ ಹುಡುಗ ಅಥವಾ ಹುಡುಗಿಯನ್ನು 'ಬಡ್‌ಟೆಂಡರ್' ಎನ್ನುತ್ತಾರೆ. ಅವರು ಸೌಜನ್ಯದಿಂದಲೇ ಮಾತನಾಡುತ್ತಾರೆ. ಆದರೆ ನಿಮ್ಮ ಬಿ.ಪಿ. ಎಷ್ಟು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿರುವಿರಾ ಎಂಬುದನ್ನು ತೂಗಿ ನೋಡುವ ವಿದ್ಯೆ ಅವರದಲ್ಲ. ಅವರ ಕೆಲಸ ಮಾರುವುದು. ಆ ದೇಶದ ಒಕ್ಕೂಟದ ಕಾನೂನು ಇದನ್ನು 1970ರಿಂದಲೂ ನಿಯಂತ್ರಿತ ವಸ್ತುವಾಗಿಯೇ ಇಟ್ಟಿರುವುದರಿಂದ ಬಹಳಷ್ಟು ಅಂಗಡಿಗಳಲ್ಲಿ ಕ್ರೆಡಿಟ್ ಕಾರ್ಡ್ ನಡೆಯದು, ನಗದು ಬೇಕು. ವಿಮೆ ಇದರ ಖರ್ಚನ್ನು ಕೊಡುವುದಿಲ್ಲ.

ಎಲ್ಲ ರಾಜ್ಯಗಳಲ್ಲಿಯೂ ಒಂದೇ ನಿಯಮವಿಲ್ಲ. ಕ್ಯಾಲಿಫೋರ್ನಿಯವು ವೈದ್ಯರ ಶಿಫಾರಸಿನ ಮೇಲಿನ ಬಳಕೆಗೆ 1996ರಲ್ಲಿಯೇ ಒಪ್ಪಿತು. ವಯಸ್ಕರೆಲ್ಲರಿಗೂ ಅಲ್ಲಿ ಮಾರಾಟ ಆರಂಭವಾದದ್ದು 2018ರ ಜನವರಿ 1ರಂದು. ಇಲಿನಾಯ್‌ನಲ್ಲಿ 2020ರಲ್ಲಿ, ನ್ಯೂಜೆರ್ಸಿಯಲ್ಲಿ 2022ರಲ್ಲಿ ಅದು ಬಂತು. ಟೆಕ್ಸಸ್‌ನಂತಹ ರಾಜ್ಯಗಳಲ್ಲಿ, ಅಲ್ಲಿನ ನಿವಾಸಿಗಳಾದ ಕೆಲವು ರೋಗಿಗಳಿಗೆ ಮಾತ್ರ ಅವಕಾಶ. ಡಲ್ಲಾಸ್, ಹ್ಯೂಸ್ಟನ್ ಕಡೆ ಮಕ್ಕಳಿರುವವರು ಇದನ್ನು ನೆನಪಿಡಬೇಕು. ಪೆಟ್ರೋಲ್ ಬಂಕಿನ ಅಂಗಡಿಯಲ್ಲೋ ಅಂತರ್ಜಾಲದಲ್ಲೋ 'ಹೆಂಪ್' ಎಂಬ ಹೆಸರಿನಿಂದ ಸಿಗುವ ಸರಕನ್ನು ನಾವು ನಂಬುವುದಿಲ್ಲ. 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅಂತರ್ಜಾಲದಿಂದ ತರಿಸಿದ ಸಿ.ಬಿ.ಡಿ.ಯ 84 ಸರಕುಗಳ ಪೈಕಿ 26ರಲ್ಲಿ ಮಾತ್ರ ಚೀಟಿಯಲ್ಲಿ ಬರೆದಷ್ಟು ಅಂಶವಿತ್ತು, 18ರಲ್ಲಿ ಟಿ.ಎಚ್.ಸಿ. ಕೂಡ ಪತ್ತೆಯಾಯಿತು. ಕೊಳ್ಳುವುದೇ ಆದರೆ ಪರವಾನಗಿಯ ಅಂಗಡಿಯಲ್ಲಿಯೇ ಕೊಳ್ಳಬೇಕು, ಮತ್ತು ಪ್ರಯೋಗಾಲಯದ ಪರೀಕ್ಷಾಪತ್ರವನ್ನು ಕೇಳಿ ನೋಡಬೇಕು.

ಡಬ್ಬಿಯ ಮೇಲೆ ಓದಬೇಕಾದುದು ಬಣ್ಣಬಣ್ಣದ ಹೆಸರನ್ನಲ್ಲ, ಒಂದು ತುಣುಕಿನಲ್ಲಿ ಟಿ.ಎಚ್.ಸಿ. ಎಷ್ಟು ಮಿಲಿಗ್ರಾಂ ಎಂಬ ಅಂಕಿಯನ್ನು. ಕ್ಯಾಲಿಫೋರ್ನಿಯ, ಕೊಲರಾಡೊ ರಾಜ್ಯಗಳಲ್ಲಿ ಒಂದು ಸಲದ ತುಣುಕಿಗೆ 10 ಮಿಲಿಗ್ರಾಂ, ಇಡೀ ಪೊಟ್ಟಣಕ್ಕೆ 100 ಮಿಲಿಗ್ರಾಂ ಮಿತಿಯಿದೆ. ಅಭ್ಯಾಸವಿಲ್ಲದ ಎಪ್ಪತ್ತರ ವಯಸ್ಸಿನವರಿಗೆ ಆ 10 ಮಿಲಿಗ್ರಾಂ ಬಹಳ ಹೆಚ್ಚು. ಎರಡೂವರೆ ಮಿಲಿಗ್ರಾಂ, ಅಂದರೆ ಅಂಥ ತುಣುಕಿನ ಕಾಲುಭಾಗಕ್ಕಿಂತ ಹೆಚ್ಚಾಗದಂತೆ, ರಾತ್ರಿ ಮಲಗುವ ಹೊತ್ತಿಗೆ, ಮನೆಯಲ್ಲಿ ಒಬ್ಬರು ಎಚ್ಚರವಿರುವಾಗ ಆರಂಭಿಸುವುದು ಕ್ರಮ. ಎರಡು ಮೂರು ದಿನ ಅಷ್ಟರಲ್ಲಿಯೇ ಇದ್ದು ನೋಡಬೇಕು.

ಬಾಯಿಂದ ತಿಂದದ್ದು ಮೋಸ ಮಾಡುವ ಬಗೆಯನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ಹೊಗೆಯಾಗಿ ಎಳೆದದ್ದು ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಶಾರ್ಙ್ಗಧರರು ಹೇಳಿದ ವ್ಯವಾಯಿ ಗುಣ ಅಲ್ಲಿ ಪ್ರತ್ಯಕ್ಷ. ತಿಂದದ್ದಾದರೆ ಜಠರ, ಕರುಳು ದಾಟಿ ಯಕೃತ್ತಿಗೆ ಹೋಗಿ ಅಲ್ಲಿ ಇನ್ನಷ್ಟು ಬಲವಾದ ಬೇರೊಂದು ರೂಪ ಪಡೆದು ಬರುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೂ ಏನೂ ತೋರದಿರಬಹುದು; ತೋರಿದ ಮೇಲೆ ಆರೆಂಟು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಳಿಯದು. ಈ ಅಂಶ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಿಂದಿನವರು ಭಂಗಿಗೆ ಹಾಲು ತುಪ್ಪಗಳನ್ನೇ ಜೊತೆಮಾಡಿದ್ದರ ಹಿಂದಿನ ಅನುಭವ ಇದೇ. ಹೋಳಿಗೆ ತುಪ್ಪ ಉಂಡ ದಿನ ಅದೇ ತುಣುಕು ಹೆಚ್ಚು ಏರಬಲ್ಲದು. ನಮಗೆ ಪರಿಚಿತರಾದ ಒಬ್ಬ ನಿವೃತ್ತ ಮಾಸ್ತರರು ಮಗಳ ಮನೆಯಲ್ಲಿ ಅರ್ಧ ತುಣುಕು ತಿಂದು, ಮುಕ್ಕಾಲು ಗಂಟೆ ಕಾದು, "ಇದರಾಗ ಏನೂ ಇಲ್ಲ" ಎಂದು ಉಳಿದರ್ಧವನ್ನೂ, ಅದರ ಮೇಲೆ ಮತ್ತೊಂದನ್ನೂ ತಿಂದರು. ನಡುರಾತ್ರಿಯಲ್ಲಿ ಎದೆ ಡವಡವ ಎನ್ನುತ್ತ, ತಾವು ಸಾಯುತ್ತಿರುವೆನೆಂಬ ಭಯದಿಂದ ನಡುಗುತ್ತ, ಶೌಚಾಲಯಕ್ಕೆ ಏಳಲು ಹೋಗಿ ಕುಸಿದರು. ಮೂಳೆ ಮುರಿಯದಿದ್ದುದು ಪುಣ್ಯ. ಮೊಣಕಾಲಿಗೆಂದು ತೆಗೆದುಕೊಂಡದ್ದು ಸೊಂಟದ ಮೂಳೆಯನ್ನು ಮುರಿಯುವುದು ಹಿರಿಯರಲ್ಲಿ ದೂರದ ಸಂಭವವಲ್ಲ. ಎದ್ದು ನಿಂತೊಡನೆ ರಕ್ತದೊತ್ತಡ ಇಳಿಯುವುದು ಇದರ ತಿಳಿದಿರುವ ದೋಷ.

ಹಚ್ಚುವ ಮುಲಾಮಿನಿಂದ ಅಮಲು ಬರುವುದು ಅಪರೂಪ. ಗುಣವೂ ಹೆಚ್ಚಾಗಿ ತಿಕ್ಕುವ ಕೈಯದೇ ಇರಬೇಕೆಂದು ನಮ್ಮ ಅನುಮಾನ. ಮಹಾನಾರಾಯಣ ತೈಲ ಅದಕ್ಕಿಂತ ಅಗ್ಗ. ಸೇದುವುದನ್ನಂತೂ ಯಾರಿಗೂ ಹೇಳೆವು.

ಯಾರು ಮುಟ್ಟಲೇಬಾರದು? ಹೃದಯಾಘಾತವಾದವರು, ಹೃದಯದ ಬಡಿತ ತಪ್ಪುವವರು, ಸ್ವಂತಕ್ಕೋ ಒಡಹುಟ್ಟಿದವರಿಗೋ ಚಿತ್ತವಿಭ್ರಮೆಯ ಕಾಯಿಲೆ ಇರುವವರು, ಮರೆವಿನ ರೋಗ ಆರಂಭವಾದವರು, ಗರ್ಭಿಣಿಯರು, ಹಾಲೂಡುವ ತಾಯಂದಿರು. ವಾರ್ಫರಿನ್ ಎಂಬ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಇದು ಆ ಮಾತ್ರೆಯ ಬಲವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿಮಾಡಬಲ್ಲದು. ನಿದ್ರೆಯ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆಗಳೊಂದಿಗೆ ಸೇರಿದರೆ ಮಂಪರು ಎರಡರಷ್ಟಾಗುತ್ತದೆ. ಆದುದರಿಂದ ಊರಿನಿಂದ ಕಟ್ಟಿಕೊಂಡು ಹೋದ ಎಲ್ಲ ಮಾತ್ರೆಗಳ ಪಟ್ಟಿಯನ್ನು, ನಾವು ಕೊಟ್ಟ ಚೂರ್ಣಗಳನ್ನೂ ಬಿಡದೆ, ಅಲ್ಲಿನ ವೈದ್ಯರಿಗೋ ಫಾರ್ಮಸಿಸ್ಟರಿಗೋ ತೋರಿಸಿದ ಮೇಲೆಯೇ ಮುಂದಿನ ಮಾತು. ಮಗನಿಗೆ ಒಗ್ಗಿತೆಂಬುದು ತಂದೆಗೆ ಪ್ರಮಾಣವಲ್ಲ. ಒಂದು ಪುಸ್ತಕದಲ್ಲಿ ದಿನವೂ ನೋವು ಹತ್ತರಲ್ಲಿ ಎಷ್ಟು, ಎಷ್ಟು ಹೊತ್ತು ನಿದ್ರೆ ಬಂತು, ಎಷ್ಟು ದೂರ ನಡೆದೆ ಎಂದು ಬರೆದಿಡಬೇಕು. ನಾಲ್ಕು ವಾರಗಳಲ್ಲಿ ಆ ಅಂಕಿಗಳು ಅಲುಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಪ್ರಮಾಣ ಏರಿಸುತ್ತ ಹೋಗಬಾರದು.

ಕಾನೂನಿನ ಮಾತು ಇನ್ನೂ ಮುಖ್ಯ. ರಾಜ್ಯದಲ್ಲಿ ಸಮ್ಮತವಾದುದು ಆ ದೇಶದ ವಲಸೆ ಅಧಿಕಾರಿಗೆ ಸಮ್ಮತವಲ್ಲ. ವೀಸಾದ ಮೇಲೆ ಹೋದವರು, ಗ್ರೀನ್ ಕಾರ್ಡಿಗೋ ಪೌರತ್ವಕ್ಕೋ ಕಾದಿರುವ ಮಕ್ಕಳು, ಇದನ್ನು ಬಳಸಿದ್ದೇವೆಂದು ಒಪ್ಪಿಕೊಂಡರೆ ಅದೇ ಅಡ್ಡಿಯಾಗಬಲ್ಲದು. ರಾಜ್ಯದ ಕಾನೂನು ಒಪ್ಪಿದ್ದರೂ ಪೌರತ್ವಕ್ಕೆ ಬೇಕಾದ ಸನ್ನಡತೆಗೆ ಇದು ಬಾಧಕವೆಂದು 2019ರಲ್ಲಿ ಅಲ್ಲಿನ ವಲಸೆ ಇಲಾಖೆ ಸ್ಪಷ್ಟಪಡಿಸಿದೆ. ಸುಳ್ಳು ಹೇಳುವುದು ಇನ್ನೂ ದೊಡ್ಡ ಅಪರಾಧ. ಆದ್ದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮಕ್ಕಳು ತಮ್ಮ ವಲಸೆ ವಕೀಲರನ್ನು ಒಮ್ಮೆ ಕೇಳುವುದು ಒಳಿತು. ಇದೊಂದೇ ಕಾರಣಕ್ಕೆ ಬೇಡವೆಂದು ಬಿಟ್ಟ ಕುಟುಂಬಗಳನ್ನು ನಾವು ಬಲ್ಲೆವು. ಅವರ ನಿರ್ಧಾರವನ್ನು ತಪ್ಪೆನ್ನಲಾರೆವು.

ಉಳಿದ ತುಣುಕುಗಳನ್ನು ಊರಿಗೆ ತರುವ ಯೋಚನೆ ಬೇಡವೇ ಬೇಡ. ನಮ್ಮ 1985ರ ಮಾದಕವಸ್ತು ಕಾಯಿದೆಯು ಗಿಡದ ಹೂತೆನೆಯಾದ ಗಾಂಜಾ, ಅಂಟಾದ ಚರಸ್, ಅವುಗಳಿಂದಾದ ಮಿಶ್ರಣ ಎಲ್ಲವನ್ನೂ ನಿಷೇಧಿಸಿದೆ. ಬರಿಯ ಎಲೆ ಆ ವ್ಯಾಖ್ಯೆಯ ಹೊರಗಿದೆ, ಅಷ್ಟೇ. ಅಲ್ಪ ಪ್ರಮಾಣಕ್ಕೂ ಒಂದು ವರ್ಷದವರೆಗಿನ ಸೆರೆ ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ ಆಗಬಹುದು. ಬೆರೆತಿರುವ ಇತರ ವಸ್ತುವಿನ ತೂಕವೂ ಲೆಕ್ಕಕ್ಕೆ ಸೇರುತ್ತದೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ವಿದೇಶದ ವೈದ್ಯರ ಚೀಟಿ ಕಸ್ಟಮ್ಸ್ ಕಟ್ಟೆಯಲ್ಲಿ ನಡೆಯದು. ಸಿಂಗಪುರದಂತಹ ಊರಿನಲ್ಲಿ ವಿಮಾನ ಬದಲಿಸುವವರಿಗೆ ಅಪಾಯ ಇನ್ನೂ ಘೋರ. ನೆರೆಯವರು "ನಮ್ಮ ಅಪ್ಪಾಜಿಗೆ ಇದೊಂದು ಔಷಧ ಮುಟ್ಟಿಸಿರಿ" ಎಂದು ಕೊಡುವ ಮುಚ್ಚಿದ ಪೊಟ್ಟಣವನ್ನೂ ತೆರೆದು ನೋಡದೆ ಹಿಡಿಯಬಾರದು. ಊರಿಗೆ ಬಂದ ಮೇಲೂ ಈ ಚಿಕಿತ್ಸೆ ಬೇಕೆನಿಸಿದರೆ, ಆಯುಷ್ ಪರವಾನಗಿಯಲ್ಲಿ ತಯಾರಾಗುವ ವಿಜಯಾ ಔಷಧಗಳು ನೋಂದಾಯಿತ ವೈದ್ಯರ ಚೀಟಿಯ ಮೇಲೆ ಇಲ್ಲಿಯೇ ದೊರೆಯುತ್ತವೆ. ಬಂದು ಕೇಳಿರಿ, ನಿಮ್ಮ ಸ್ಥಿತಿಗೆ ಸಲ್ಲುವುದೋ ಇಲ್ಲವೋ ನೋಡಿ ಹೇಳುವೆವು.

ಕೊನೆಯದಾಗಿ ಮೊಮ್ಮಕ್ಕಳ ವಿಚಾರ. ಈ ಮಿಠಾಯಿ ನೋಡಲು ಪೆಪ್ಪರಮಿಂಟಿನಂತೆಯೇ ಇರುತ್ತದೆ, ರುಚಿಯೂ ಹಾಗೆಯೇ. ಅಜ್ಜಿಯ ಚೀಲದಲ್ಲಿ ಸಿಹಿ ಇರುತ್ತದೆಂದು ಮಗುವಿಗೆ ಗೊತ್ತು. ದೊಡ್ಡವರಿಗೆ ಅಮಲಾಗುವಷ್ಟು ಪ್ರಮಾಣ ಮೂರು ವರ್ಷದ ಕೂಸಿನ ಉಸಿರಾಟಕ್ಕೇ ಕುತ್ತು ತರಬಲ್ಲದು. ಡಬ್ಬಿಯನ್ನು ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಕೀಲಿಕೈಯನ್ನು ಬೇರೆಡೆ ಇಡಬೇಕು. ತುಣುಕನ್ನು ಮಕ್ಕಳ ಎದುರಿಗೆ ಬಾಯಿಗೆ ಹಾಕಿಕೊಳ್ಳಬಾರದು. ಮಗು ತಿಂದಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತ ಕೂರದೆ ಅಲ್ಲಿನ ವಿಷನಿವಾರಣ ಕೇಂದ್ರದ 1-800-222-1222 ಸಂಖ್ಯೆಗೆ ಕರೆ ಮಾಡಬೇಕು. ಮಗು ಮಂಕಾಗಿದ್ದರೆ, ಎಬ್ಬಿಸಿದರೂ ಏಳದಿದ್ದರೆ ನೇರವಾಗಿ 911. ಏನು ತಿಂದಿತು, ಎಷ್ಟು ತಿಂದಿತು ಎಂಬುದನ್ನು ಮುಚ್ಚಿಡದೆ ಹೇಳಿ, ಡಬ್ಬಿಯನ್ನು ಆಸ್ಪತ್ರೆಗೆ ಜೊತೆಯಲ್ಲಿಯೇ ಒಯ್ಯಬೇಕು.